ಷಡ್ಡಕನ ಮಾನಿಟರ್

ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಾನೆ. ಇದನ್ನು ನಾನು ಹೇಳಬೇಕಾಗಿಲ್ಲ, ನಮ್ಮ ಅತ್ತೆ ದಿನಾ ಹೇಳುತ್ತಾರೆ. "ಚಿಕ್ಕಳಿಯಂದ್ರು ಮುಟ್ಟಿದ್ರೆ ಸಾಕು, ಎಂಥಾ ಮೆಷಿನ್ನೂ ಮಾತು ಕೇಳುತ್ತೆ." ನಾನು ಲಿಫ್ಟ್ ರಿಪೇರಿ ಮಾಡುವವನು. ಎರಡು ಅಂತಸ್ತಿನ ನಡುವೆ ಜನ ಸಿಕ್ಕಿಬಿದ್ದು ಬೊಬ್ಬೆ ಹೊಡೆಯುವಾಗ ಅವರನ್ನು ಇಳಿಸುವವನು ನಾನೇ. ಆದರೆ ಅತ್ತೆಯ ಲೆಕ್ಕದಲ್ಲಿ ಲಿಫ್ಟು ಮೆಷಿನ್ ಅಲ್ಲ. ಅವರು ಇರುವುದು ನಮ್ಮ ಮನೆಯಲ್ಲಿ, ಉಣ್ಣುವುದು ನನ್ನ ಪಕ್ಕದಲ್ಲಿ ಕೂತು, ಹೊಗಳುವುದು ಅವನನ್ನು. ನನಗೆ ಹೊಟ್ಟೆ ಉರಿಯುತ್ತಿತ್ತು. ಅದರಲ್ಲಿ ಮುಚ್ಚುಮರೆ ಏನಿಲ್ಲ.

ಅತ್ತೆ ಸ್ವೆಟರ್ ಹೆಣೆಯುವವರಿಗೆ ನಕ್ಷೆ ಮಾಡಿಕೊಡುತ್ತಾರೆ. ಮೊದಲು ಚೌಕುಳಿ ಕಾಗದದ ಮೇಲೆ ಮಾಡುತ್ತಿದ್ದರು, ಈಗ ಕಂಪ್ಯೂಟರಿನಲ್ಲಿ. ಪರದೆ ತುಂಬ ಸಣ್ಣ ಸಣ್ಣ ಚೌಕಗಳು. ಒಂದೊಂದಕ್ಕೂ ಬಣ್ಣ ತುಂಬುತ್ತ ಹೋದರೆ ಎಲೆಯೋ ಹಕ್ಕಿಯೋ ಜಿಂಕೆಯೋ ಮೂಡುತ್ತದೆ. ಆ ಕಂಪ್ಯೂಟರ್ ಇದ್ದಕ್ಕಿದ್ದಂತೆ ತೆವಳತೊಡಗಿದಾಗ ಅತ್ತೆ, "ಚಿಕ್ಕಳಿಯಂದ್ರಿಗೆ ಒಂದು ಫೋನ್..." ಎಂದು ಬಾಯಿ ತೆರೆದರು. ಮಾತು ಮುಗಿಸಲು ನಾನು ಬಿಡಲಿಲ್ಲ.

"ನಾನಿಲ್ವಾ ಅತ್ತೆ?"

ಭಾನುವಾರ ಕೂತು, ಅವರ ನಕ್ಷೆಗಳನ್ನೆಲ್ಲ ಬೇರೆ ಕಡೆ ತೆಗೆದಿಟ್ಟು, ಹಳೆಯದನ್ನು ಅಳಿಸಿ ಹೊಸದಾಗಿ ಸಿಸ್ಟಮ್ ಹಾಕಿದೆ. ಪರದೆ ಬೆಳಗಿತು, ಆದರೆ ಅದರ ಅವತಾರ ನೋಡಬೇಕಿತ್ತು! ಅಕ್ಷರಗಳು ಕುಂಬಳಕಾಯಿ ಗಾತ್ರ, ಚೌಕಗಳೆಲ್ಲ ಯಾರೋ ಎರಡೂ ಕಡೆಯಿಂದ ಜಗ್ಗಿದಂತೆ ಅಗಲ, ಸಾಲದ್ದಕ್ಕೆ ಒಂದು ನೇರಳೆ ಪಟ್ಟಿ ಬೇರೆ ಮಿಣುಕುತ್ತಿತ್ತು. ಬಾಗಿಲು ಹಾಕಿಕೊಂಡು ಬೆವರು ಒರೆಸಿಕೊಂಡೆ. ಹೊಸ ಸಿಸ್ಟಮ್ಮಿಗೆ ಪರದೆಯ ಪರಿಚಯ ಮಾಡಿಸಲು ಡ್ರೈವರ್ ಎಂಬುದೊಂದನ್ನು ಹಾಕಬೇಕು ಎಂದು ಫೋನಿನಲ್ಲಿ ಹುಡುಕಿ ತಿಳಿದುಕೊಂಡೆ. ಹಾಕಿದ ಮೇಲೆ ಅಕ್ಷರ ಸಣ್ಣದಾಯಿತು, ಚೌಕಗಳು ಚೌಕವಾದವು. ನೇರಳೆ ಪಟ್ಟಿಗೆ ಕಾರಣ ಸಡಿಲವಾಗಿದ್ದ ಕೇಬಲ್. ಬಿಗಿ ಮಾಡಿದೆ. ಸಂಜೆ ಹೆಂಡತಿಯನ್ನು ಕರೆದು ತೋರಿಸಿದರೆ "ಪರವಾಗಿಲ್ವೇ!" ಎಂದಳು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮರುದಿನ ಅತ್ತೆ ಜಿಂಕೆಯ ನಕ್ಷೆ ತೆರೆದು ಕೂತರು. ಕತ್ತು ಆ ಕಡೆ ಈ ಕಡೆ ಓರೆ ಮಾಡಿ ನೋಡಿದರು.

"ತಪ್ಪು ತಿಳ್ಕೋಬೇಡಿ ಅಳಿಯಂದ್ರೇ. ಮಧ್ಯದಲ್ಲಿ ಗೆರೆ ಸೊಟ್ಟಗಿದೆ."

ಹೋಗಿ ನೋಡಿದೆ. ನೂಲು ಹಿಡಿದು ಎಳೆದಷ್ಟು ನೆಟ್ಟಗಿತ್ತು.

"ಎಲ್ಲಿ ಅತ್ತೆ?"

"ಇಲ್ಲೇ, ನಾನು ನೋಡೋ ಕಡೆ. ನೀರೊಳಗೆ ಇಟ್ಟ ಹಾಗೆ ಬಳುಕಿದೆ."

ಡ್ರೈವರ್ ತೆಗೆದು ಮತ್ತೆ ಹಾಕಿದೆ. ಕೇಬಲ್ಲನ್ನೇ ಬದಲಿಸಿದೆ. ಪರದೆಯನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿದೆ. ಅತ್ತೆ ಪ್ರತಿ ಸಲವೂ ನೋಡಿ, "ಇನ್ನೂ ಹಾಗೇ ಇದೆಯಲ್ಲಾ" ಎಂದರು. ಆಮೇಲೆ ಮೆಲ್ಲಗೆ, "ಚಿಕ್ಕಳಿಯಂದ್ರನ್ನ ಒಂದ್ಮಾತು ಕೇಳೋಣ್ವಾ?"

ಅಲ್ಲಿಗೆ ನನಗೆ ಎಲ್ಲ ಅರ್ಥವಾಯಿತು. ಅವನು ಬರಬೇಕು, ನಾಲ್ಕು ಗುಂಡಿ ಒತ್ತಬೇಕು, "ನೋಡಿ, ಎಷ್ಟು ಸಲೀಸಾಗಿ ಮಾಡಿದ್ರು" ಎಂದು ಅತ್ತೆ ನನ್ನ ಮುಂದೆಯೇ ಹೇಳಬೇಕು. ಅದಕ್ಕೆ ಈ ನಾಟಕ. "ಫೋನ್ ಮಾಡಿದ್ದೆ. ಅವನಿಗೆ ಪರೀಕ್ಷೆ ಕೆಲಸವಂತೆ, ಪುರುಸೊತ್ತಿಲ್ವಂತೆ" ಎಂದೆ. ಫೋನ್ ನಾನು ಮುಟ್ಟಿಯೇ ಇರಲಿಲ್ಲ.

ಹೀಗೇ ದಿನ ಹೋದವು. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವನನ್ನು ಅತ್ತೆ ಮತ್ತೆ ಕರೆದಾಗ ನನ್ನ ನಾಲಿಗೆ ಹಿಡಿತ ತಪ್ಪಿತು. "ಮನೇಲಿ ಯಾರಿಗೂ ಕಾಣದ ಸೊಟ್ಟ ನಿಮಗೊಬ್ರಿಗೇ ಹೇಗೆ ಕಾಣುತ್ತೆ ಅತ್ತೆ? ಸುಮ್ನೆ ಅವನ್ನ ಕರೆಸ್ಬೇಕು ಅಂತ ಹೇಳ್ಬಿಡಿ!" ಅವರ ಮುಖ ಸಪ್ಪಗಾಯಿತು. ಮಾರನೆಯ ದಿನ ತಾವಾಗಿಯೇ, "ಸರಿಹೋಯ್ತು ಅಳಿಯಂದ್ರೇ, ಈಗ ನೆಟ್ಟಗಿದೆ" ಎಂದರು. ನಡುವೆ ನಾನು ಏನನ್ನೂ ಸರಿಮಾಡಿರಲಿಲ್ಲ. ಆದರೂ ಗೆದ್ದೆ ಎಂದು ಬೀಗಿದೆ.

ಆ ಗೆಲುವು ಬಹಳ ದಿನ ಬಾಳಲಿಲ್ಲ. ಹೆಣೆಯುವವರೊಬ್ಬರು ಅತ್ತೆಗೆ ಫೋನ್ ಮಾಡಿ, "ಏನಮ್ಮಾ, ನಿಮ್ಮ ಜಿಂಕೆಗೆ ಕತ್ತು ಉಳುಕಿದ್ಯಾ?" ಎಂದು ನಕ್ಕರು. ನಕ್ಷೆಯಲ್ಲಿ ಚೌಕಗಳು ತಪ್ಪಿದ್ದವು. ಇಷ್ಟು ವರ್ಷದಲ್ಲಿ ಅತ್ತೆಯ ಕೈಯಲ್ಲಿ ಒಂದು ಚೌಕವೂ ತಪ್ಪಿದ್ದಿಲ್ಲ. ಹೆಂಡತಿ ಇದನ್ನು ತಂಗಿಗೆ ಹೇಳಿದಳು, ತಂಗಿ ಗಂಡನ ಕಿವಿಗೆ ಹಾಕಿದಳು. ಷಡ್ಡಕ ಬಂದೇಬಿಟ್ಟ. ಬರಿಗೈಯಲ್ಲಿ ಬರುವ ಆಸಾಮಿಯೇ? ಮಗುವನ್ನು ಎತ್ತಿಕೊಂಡ ಹಾಗೆ ಹೊಸ ಮಾನಿಟರ್ ಅಪ್ಪಿಕೊಂಡು ಬಂದ.

"ಏನಣ್ಣಾ, ಒಂದು ಫೋನ್ ಮಾಡೋದಲ್ವಾ?" ಎಂದ.

ಅತ್ತೆ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದರು. ಆದರೆ ಅವನು ಪಕ್ಕದಲ್ಲಿ ಕೂತೊಡನೆ ಅವರ ಮುಖ ಅರಳಿದ ಪರಿ ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಹೆಂಡತಿಯೂ ಅವನಿಗೆ ದೊಡ್ಡ ಲೋಟದಲ್ಲಿ ಟೀ ತಂದಳು. ಅವನು ಸೆಟ್ಟಿಂಗುಗಳನ್ನೆಲ್ಲ ತೆರೆದು ನೋಡಿ, "ಅಣ್ಣ ಎಲ್ಲಾ ಸರಿಯಾಗೇ ಹಾಕಿದಾರೆ" ಎಂದ. ಅದೂ ನನಗೆ ಭಿಕ್ಷೆ ಹಾಕಿದಂತೆ ಕೇಳಿಸಿತು. ನಂತರ ಹಳೆಯ ಮಾನಿಟರ್ ಬಿಚ್ಚಿ ತನ್ನದನ್ನು ಜೋಡಿಸಿದ.

"ಈಗ ಹೇಳಿ ಅತ್ತೆ, ಹೇಗಿದೆ?"

ಅತ್ತೆ ಬಗ್ಗಿ ನೋಡಿದರು. ತಮ್ಮದೇ ಏನೋ ತಪ್ಪೆನ್ನುವ ದನಿಯಲ್ಲಿ, "ಇದ್ರಲ್ಲೂ ಸೊಟ್ಟಗೇ ಇದೆ" ಎಂದರು.

ನನಗಾದ ಖುಷಿ ಅಷ್ಟಿಷ್ಟಲ್ಲ. "ನೋಡಿದ್ಯಾ! ನಿನ್ನ ಹೊಸಾ ಮಾನಿಟರ್ರೂ ಅಷ್ಟೇ! ನನ್ನ ಕೆಲಸದಲ್ಲಿ ಏನೂ ತಪ್ಪಿಲ್ಲ ಅಂತ ಬಡ್ಕೊಂಡೆ, ಯಾರಾದ್ರೂ ಕೇಳಿದ್ರಾ?" ಎಂದು ಚಪ್ಪಾಳೆಯನ್ನೂ ತಟ್ಟಿಬಿಟ್ಟೆ.

ಷಡ್ಡಕ ಕೇಬಲ್ ಕೈಬಿಟ್ಟು ಅತ್ತೆಯ ಮುಖವನ್ನೇ ನೋಡುತ್ತಿದ್ದ. ನನ್ನ ಹೆಂಡತಿ ಕಿಟಕಿಯ ಕಡೆ ಕೈ ತೋರಿಸಿದಳು.

"ಅಮ್ಮ, ಆ ಸರಳು ನೆಟ್ಟಗಿದ್ಯಾ?"

"ಅದೂ ಬಗ್ಗಿದೆ ಕಣೆ. ಬಾಗಿಲ ಚೌಕಟ್ಟೂ ಅಷ್ಟೇ. ಮಧ್ಯದಲ್ಲಿ."

ತಟ್ಟಿದ ಕೈಗಳನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ.

ಅವತ್ತೇ ಕಣ್ಣಿನ ಆಸ್ಪತ್ರೆಗೆ ಹೋದೆವು. ಡಾಕ್ಟರು ಬೆಳಕು ಬಿಟ್ಟು ನೋಡಿದರು, ಯಂತ್ರದಲ್ಲಿ ಚಿತ್ರ ತೆಗೆಸಿದರು. ಕಣ್ಣಿನ ಹಿಂಭಾಗದಲ್ಲಿ ನೀರು ಸೇರಿ ಊದಿಕೊಂಡಿದೆ, ಇಂಜೆಕ್ಷನ್ ಕೊಡಬೇಕು ಎಂದರು. "ಬೇಗ ಬಂದಷ್ಟೂ ದೃಷ್ಟಿ ಉಳಿಯುತ್ತೆ, ತಡವಾದಷ್ಟೂ ಕಷ್ಟ. ಗೆರೆ ಸೊಟ್ಟ ಕಾಣೋಕೆ ಶುರುವಾಗಿ ಎಷ್ಟು ದಿನ ಆಯ್ತಮ್ಮಾ?"

ಷಡ್ಡಕ ಅತ್ತೆಯ ಭುಜದ ಮೇಲೆ ಕೈಯಿಟ್ಟು ನಿಂತಿದ್ದ. ಅಂಥ ಹೊತ್ತಿನಲ್ಲೂ ಆ ಕೈಯನ್ನು ಸರಿಸಿ ನನ್ನದನ್ನು ಇಡಬೇಕು ಅನ್ನಿಸಿತು.

ಅತ್ತೆ ನಾನು ನಿಂತ ಕಡೆ ತಿರುಗಿದರು.

"ಮೊನ್ನೆಯಿಂದ ಡಾಕ್ಟ್ರೇ," ಎಂದರು. "ನಾನು ಬಾಯಿ ಬಿಡೋದೇ ತಡ, ನಮ್ಮ ದೊಡ್ಡಳಿಯಂದ್ರು ಕರ್ಕೊಂಡು ಬಂದ್ರು. ನನ್ನನ್ನ ಅವರಷ್ಟು ಚೆನ್ನಾಗಿ ನೋಡ್ಕೊಳ್ಳೋರು ಯಾರೂ ಇಲ್ಲ."

ಷಡ್ಡಕನ ಎದುರಿಗೆ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಡಾಕ್ಟರು ಬರೆದುಕೊಳ್ಳಲು ಪೆನ್ನು ತೆಗೆದರು.

"ಇಲ್ಲ ಡಾಕ್ಟ್ರೇ," ಎಂದೆ. "ಒಂದು ತಿಂಗಳ ಮೇಲಾಯ್ತು. ಮೊದಲ ದಿನಾನೇ ನನಗೆ ಹೇಳಿದ್ರು."