ಹಿಂದಿನ ಸಿಲಿಂಡರ್

"ಹಿಂದಿಂದು ಮುಟ್ಟಬ್ಯಾಡ್ರಿ, ಸುಡ್ತದ," ಎಂದು ಸ್ಯಾಮ್ಯುಯೆಲ ಹೇಳುವಷ್ಟರಲ್ಲಿ ಕಾನ್‌ಸ್ಟೇಬಲ್ ಅಯ್ಯುಬ ಮುಟ್ಟಿಯೇ ಬಿಟ್ಟಿದ್ದ. ಬೆರಳನ್ನು ಬಾಯಿಗಿಟ್ಟುಕೊಂಡು ಎಂಜಿನ್ನಿನ ಸುತ್ತ ಮತ್ತೊಂದು ಸುತ್ತು ಹಾಕಿದ.

ಸಂತಪುರದ ರಸ್ತೆ ಬದಿಯ ಪೊಲೀಸ್ ಚೌಕಿಯ ಮುಂದೆ, ಬೇವಿನ ನೆರಳಲ್ಲಿ ಆ ಮೋಟಾರ್ ಸೈಕಲ್ಲು ನಿಂತಿತ್ತು. ಬೀದರಿನಿಂದ ಔರಾದಕ್ಕೆ ಹೊರಟ ಸ್ಯಾಮ್ಯುಯೆಲನನ್ನು ಹತ್ತು ಗಂಟೆಗೆ ತಡೆದಿದ್ದರು. ಗಾಡಿಗೆ ಕಾಗದವಿತ್ತು, ಅದರೊಳಗೆ ಕೂತಿದ್ದ ಜೋಡಿ ಸಿಲಿಂಡರಿನ ಎಂಜಿನ್ನಿಗೆ ಇರಲಿಲ್ಲ. ಗುಜರಿಗೆ ಬಿದ್ದ ಎರಡು ಬುಲೆಟ್ಟುಗಳ ಸಿಲಿಂಡರು ತಂದು, ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಆರು ವರ್ಷ ಕೂತು ಅದನ್ನು ಅವನೇ ಮಾಡಿದ್ದ. ಈಗ ಮಗಳಿಗೆ ತೋರಿಸಲು ಒಯ್ಯುತ್ತಿದ್ದ. ಅನುಗ್ರಹ ಔರಾದದಲ್ಲಿ ನರ್ಸು. ತಾಯಿ ರೂತಮ್ಮ ಸತ್ತು ಮಣ್ಣಾಗಿ ವರ್ಷವಾಗಿತ್ತು. ಅಂದಿನಿಂದ ಅವಳು ತಂದೆಯ ಮನೆ ಹತ್ತಿರಲಿಲ್ಲ.

ಅಯ್ಯುಬನಿಗೆ ಗಾಡಿಗಳ ಹುಚ್ಚು. ಅವನು ಒಂದು ಕೇಳಿದರೆ ಸ್ಯಾಮ್ಯುಯೆಲ ನಾಲ್ಕು ಹೇಳಿದ. ಮೊದಲ ಎಂಜಿನ್ನಿನಲ್ಲಿ ಒಂದು ಕನೆಕ್ಟಿಂಗ್ ರಾಡಿನ ಬುಡವನ್ನು ಕವೆಯ ಹಾಗೆ ಸೀಳಿ ಇನ್ನೊಂದನ್ನು ಅದರೊಳಗೆ ಕೂಡಿಸಿದ್ದ, ಕವೆ ಮುರಿಯಿತು. ಎರಡನೆಯದರಲ್ಲಿ ಎರಡೂ ರಾಡುಗಳನ್ನು ಒಂದೇ ಪಿನ್ನಿನ ಮೇಲೆ ಪಕ್ಕಪಕ್ಕ ಇಟ್ಟು ಸಿಲಿಂಡರುಗಳ ನಡುವೆ ತೊಂಬತ್ತು ಡಿಗ್ರಿ ಬಿಟ್ಟ. ನಡುಕ ನಿಂತಿತು, ಆದರೆ ಮುಂದಿನ ಸಿಲಿಂಡರು ಗಾಲಿಗೆ ತಾಗಿತು. ಮೂರನೆಯದಕ್ಕೆ ಕೋನವನ್ನು ಐವತ್ತನಾಲ್ಕಕ್ಕೆ ಇಳಿಸಿದ. ಕಾರ್ಬುರೇಟರಿಗೆ ನಡುವೆ ಅಂಗೈಯಷ್ಟು ಜಾಗ ಉಳಿಯಿತು.

"ಗಾಳಿ ಎಲ್ಲಾ ಮುಂದಿಂದೇ ತಿಂತದ. ಹಿಂದಿಂದಕ್ಕ ಸಿಗಂಗಿಲ್ಲ. ಅದು ಸುಡಕೋತ ದುಡಿತದ," ಎಂದ. ಅವನ ಮುಖ ಅರಳಿತ್ತು. ತಾನು ಚೌಕಿಯಲ್ಲಿದ್ದೇನೆಂಬುದು ಅವನಿಗೆ ಮರೆತಂತಿತ್ತು.

ಎಎಸ್‌ಐ ವೈಜಿನಾಥ ಊಟದ ಡಬ್ಬಿ ಮುಚ್ಚಿ ಹೊರಗೆ ಬಂದ. ಅವನ ಕಣ್ಣು ಬಿದ್ದದ್ದು ಎಂಜಿನ್ನಿನ ಹೊಟ್ಟೆಯ ಮೇಲೆ ಹೊಡೆದಿದ್ದ ಮೂರು ಅಂಕಿಗಳ ಮೇಲೆ. ೨೧೪. ನಂಬರಿಲ್ಲದ ಎಂಜಿನ್ನು ರಸ್ತೆಗಿಳಿಯಬಾರದೆಂದು ಸ್ಯಾಮ್ಯುಯೆಲನೇ ಉಳಿಯಿಂದ ಹೊಡೆದಿದ್ದ. ಎಲ್ಲಿಯ ನಂಬರೆಂದು ಕೇಳಿದ್ದಕ್ಕೆ, ಹೆಂಡತಿಯ ಮಣ್ಣಿನ ದಿನ ಹಾಡಿದ ಕೀರ್ತನೆಯ ನಂಬರು, ಚರ್ಚಿನ ಹಲಗೆಯ ಮೇಲೆ ಬರೆದಿದ್ದರು ಎಂದ.

ವೈಜಿನಾಥ ನಗಲಿಲ್ಲ. "ನಂಬರ ಇಲ್ದೇ ಬಂದಿದ್ದರ ದಂಡ ಹಾಕಿ ಬಿಡ್ತಿದ್ದೆ, ಮುದುಕಾ. ಖೊಟ್ಟಿ ನಂಬರ ಹೊಡದಿ. ಈಗ ಇದು ಚೋರಿ ಮಾಲ."

ಆಮೇಲೆ ಆ ಕೀರ್ತನೆ ಹಾಡು ಎಂದ. ಚಹಾದ ಅಂಗಡಿಯವರೂ ಬಸ್ಸಿಗೆ ಕಾಯುತ್ತಿದ್ದವರೂ ಹತ್ತಿರ ಬಂದರು. ಅರವತ್ತರ ಸ್ಯಾಮ್ಯುಯೆಲ ಟೋಪಿ ತೆಗೆದು ಎದೆಗೆ ಹಿಡಿದು ಮೊದಲ ಚರಣ ಹಾಡಿದ. ಎರಡನೆಯದು ಬರಲಿಲ್ಲ. ಆರು ವರ್ಷದ ಭಾನುವಾರಗಳೆಲ್ಲ ಶೆಡ್ಡಿನಲ್ಲೇ ಕಳೆದಿದ್ದವು. ಯಾರೋ ಫೋನು ಎತ್ತಿ ಹಿಡಿದಿದ್ದರು. "ಕ್ಯಾಸೆಟ್ ಸಿಕ್ಕೊಂತೇನೋ," ಎಂದಿತು ಒಂದು ದನಿ.

ಎಂಜಿನ್ನು ಇವನೇ ಮಾಡಿದ್ದನ್ನು ಕಣ್ಣಾರೆ ಕಂಡ ಒಬ್ಬರು ಬಂದು ಗವಾಹಿ ಹೇಳಿದರೆ ಬಿಡುವೆ, ಇಲ್ಲವಾದರೆ ಜಪ್ತಿ ಎಂದ ವೈಜಿನಾಥ. ಜಪ್ತಿಯಾದದ್ದನ್ನು ವಾರಸುದಾರರಿಲ್ಲದಿದ್ದರೆ ಗ್ಯಾಸ್ ಹಚ್ಚಿ ಕೊಯ್ಸುತ್ತಾರೆಂದು ಅಯ್ಯುಬ ಮೆಲ್ಲಗೆ ತಿಳಿಸಿದ. ಕಂಡವರಲ್ಲಿ ಮಗಳೊಬ್ಬಳೇ ಉಳಿದಿದ್ದಳು. ಅಯ್ಯುಬನೇ ಫೋನು ಮಾಡಿದ.

ಒಂದೂವರೆಯ ಬಸ್ಸಿಗೆ ಅನುಗ್ರಹ ಬಂದಳು. ಉದ್ದ ತೋಳಿನ ಬಿಳಿ ಸಮವಸ್ತ್ರ. ತಂದೆಯ ಕಡೆ ನೋಡದೆ ಅಯ್ಯುಬನ ಬೆರಳು ನೋಡಿ, ನೀರಲ್ಲಿ ಹಿಡಿಯಿರಿ, ಪೇಸ್ಟು ಹಚ್ಚಬೇಡಿ ಎಂದಳು.

"ಒಮ್ಮೆ ಚಾಲೂ ಮಾಡ್ಲೇನ್ರಿ ಸಾಹೇಬ್ರ? ನನ್ನ ಮಗಳು ಕೇಳಿಲ್ಲ."

ವೈಜಿನಾಥ ತಲೆಯಾಡಿಸಿದ. ಸ್ಯಾಮ್ಯುಯೆಲ ಕಿಕ್ಕರ್ ಒದ್ದ. ಎರಡು ಪೆಟ್ಟು ಒಟ್ಟಿಗೆ, ಆಮೇಲೆ ಬಿಡುವು. ಮತ್ತೆ ಎರಡು ಪೆಟ್ಟು, ಬಿಡುವು. ಬೇವಿನ ಕಾಗೆಗಳು ಹಾರಿದವು. ಅವನು ಮಗಳ ಮುಖವನ್ನೇ ನೋಡುತ್ತ ನಿಂತಲ್ಲೇ ಬಹಳ ಹೊತ್ತು ಎಂಜಿನ್ನು ಓಡಿಸಿದ. ಅವಳು ರಸ್ತೆಯ ಆಚೆ ತೊಗರಿ ಹೊಲ ನೋಡುತ್ತ ನಿಂತಿದ್ದಳು. ಕೊನೆಗೆ ವೈಜಿನಾಥನೇ ಕೈ ಎತ್ತಿ ನಿಲ್ಲಿಸಿದ.

"ನಿಮ್ಮವ್ವನ ಮಣ್ಣಾಗ ಈ ನಂಬರಿನ ಹಾಡು ಹಾಡಿದ್ದು ಖರೆ ಏನವ್ವ?"

"ಖರೆ ಅದರಿ. ಆದ್ರ ಇವರಿಗೆ ಹ್ಯಾಂಗ ಗೊತ್ತೋ ಏನೋ. ಹಾಡೂಮುಂದ ಇವರು ಅಲ್ಲಿ ಇದ್ದಿದ್ದಿಲ್ಲ."

ಸ್ಯಾಮ್ಯುಯೆಲ ಬಗ್ಗಿ ಪೆಟ್ರೋಲಿನ ಕೊಳಾಯಿ ಮುಚ್ಚಿದ. ಅಂದು ಅವನು ಭಾಲ್ಕಿಯಲ್ಲಿ, ಪರಿಚಯದ ಲೇಥಿನವನ ಹತ್ತಿರ ರಾಡುಗಳು ಕೂಡುವ ಆ ಒಂದು ಪಿನ್ನನ್ನು ಸಾಣೆ ಹಿಡಿಸುತ್ತಿದ್ದ. ಅಳತೆ ತಪ್ಪೀತೆಂದು ಫೋನು ಬಂದ್ ಮಾಡಿದ್ದ. ರೂತಮ್ಮ ಜ್ವರದಲ್ಲಿ ಎರಡು ದಿನ ಅವನ ಹೆಸರು ಕರೆದಳು. ಅವನು ಪಿನ್ನು ಹಿಡಿದು ಊರಿಗೆ ಮರಳಿದಾಗ ಕುಣಿಗೆ ಮಣ್ಣೆಳೆದಾಗಿತ್ತು. ಹಲಗೆಯ ಮೇಲಿನ ಅಂಕಿ ಮಾತ್ರ ಅಳಿಸಿರಲಿಲ್ಲ.

"ಅದಿರಲಿ," ಎಂದ ವೈಜಿನಾಥ. "ಎಂಜಿನ್ನು ಇಂವ ಮನ್ಯಾಗ ಮಾಡಿದ್ದು ನೀ ಕಂಡಿಯೇನು?"

ಹಳೆಯ ಪಿಸ್ಟನ್ನುಗಳನ್ನು ಕರಗಿಸಿ ಆ ಎಂಜಿನ್ನಿನ ಹೊಟ್ಟೆಯನ್ನು ಎರಕ ಹೊಯ್ದ ದಿನ ಇಕ್ಕಳದ ಇನ್ನೊಂದು ತುದಿ ಅವಳ ಕೈಯಲ್ಲಿತ್ತು. ಸಿಡಿದ ಒಂದು ಹನಿ ಬಲ ಮಣಿಕಟ್ಟಿನ ಮೇಲೆ ಕವಡಿಯಷ್ಟು ಕಲೆ ಬಿಟ್ಟಿತ್ತು. ಸ್ಯಾಮ್ಯುಯೆಲ ಆ ಕೈಯನ್ನೇ ನೋಡಿದ. ಅಂಗಿ ತೋಳು ಸರಿಸವ್ವ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು.

ಅನುಗ್ರಹ ತೋಳನ್ನು ಬೆರಳ ಬುಡದ ತನಕ ಎಳೆದುಕೊಂಡಳು.

"ನಾ ಕಂಡಿಲ್ರಿ."

ವೈಜಿನಾಥ ಸ್ಯಾಮ್ಯುಯೆಲನ ಕಡೆ ತಿರುಗಿ, ಏನಾದರೂ ಹೇಳುವುದಿದೆಯೇ ಎಂದು ಕೇಳಿದ. ಸ್ಯಾಮ್ಯುಯೆಲ ಮಗಳ ತೋಳಿನಿಂದ ಕಣ್ಣು ತೆಗೆದ.

"ಏನಿಲ್ರಿ."

ಅವಳು ಹೇಳಿಕೆಯ ಕಾಗದಕ್ಕೆ ಎಡಗೈಯಿಂದ ಸಹಿ ಮಾಡಿದಳು. ಅವಳು ಎಡಚಿಯಲ್ಲ, ಅಯ್ಯುಬ ಅದನ್ನು ಗಮನಿಸಲಿಲ್ಲ. ಔರಾದದ ಬಸ್ಸು ಬಂತು. ಚೌಕಿಯ ಕಡೆಯ ಕಿಟಕಿಗಳು ಖಾಲಿ ಇದ್ದರೂ ಅವಳು ಆಚೆ ಬದಿಯಲ್ಲಿ ಹೋಗಿ ಕೂತಳು.

ಅಯ್ಯುಬ ಸೀಮೆಸುಣ್ಣದಿಂದ ಟ್ಯಾಂಕಿನ ಮೇಲೆ ಎಂಜಿನ್ನಿಗೆ ವಾರಸುದಾರರಿಲ್ಲ ಎಂದು ಬರೆದ. ಸ್ಯಾಮ್ಯುಯೆಲ ಕುಕ್ಕರುಗಾಲಲ್ಲಿ ಕೂತು ಮುಂದಿನ ಸಿಲಿಂಡರಿನ ಮೇಲೆ ಅಂಗೈ ಇಟ್ಟ. ಗಾಳಿ ಬೀಸುತ್ತಿತ್ತು, ಅದು ಆಗಲೇ ಆರಿ ಬೆಚ್ಚಗಷ್ಟೇ ಉಳಿದಿತ್ತು. ಕೈಯನ್ನು ಹಿಂದಿನದರ ಮೇಲೆ ಸರಿಸಿದ.

"ಚಾಚಾ, ಕೈ ತೆಗೀ," ಎಂದ ಅಯ್ಯುಬ.

ಅವನು ತೆಗೆಯಲಿಲ್ಲ.