ಹಾಯಾ ಎಂಬ ಹೆಸರು

ಗಿರಾಕಿಯ ಕೋಟಿನ ಹಳೇ ಹೊಲಿಗೆ ಬಿಚ್ಚುತ್ತಾ ಕೂತಿದ್ದಳು ಅವಳು. ಕಣ್ಣು ದಾರದ ಮೇಲೆ, ಕಿವಿ ಒಳಕೋಣೆಯ ಮೇಲೆ. ಮಗಳ ಜ್ವರಕ್ಕೆ ಇವತ್ತಿಗೆ ಹನ್ನೊಂದು ದಿನ. ಬೆಳಿಗ್ಗೆ ಬಂದ ಡಾಕ್ಟರು ಕಣ್ಣು ತಪ್ಪಿಸಿ, ಇನ್ನೆರಡು ದಿನ ನೋಡೋಣ ಎಂದಿದ್ದರು. ಆಗಿನಿಂದ ಒಳಗೆ ಕೆಮ್ಮು ಕೇಳಿದರೂ ಎದೆ ಧಸಕ್ಕೆನ್ನುತ್ತಿತ್ತು, ಕೇಳದಿದ್ದರೆ ಇನ್ನೂ ಹೆಚ್ಚು.

ನಾದಿನಿ ಕೊಡೆ ಕೆಳಗಿಡುವ ಮೊದಲೇ ವಿಷಯಕ್ಕೆ ಬಂದಳು. ನಮ್ಮ ಯೆಹೂದಿ ಪ್ರಾರ್ಥನಾಮಂದಿರದಲ್ಲಿ ಎಲ್ಲರೆದುರು ಪ್ರಾರ್ಥನೆ ಓದಿಸಿ, ಹುಡುಗಿಯ ಹೆಸರಿಗೆ 'ಹಾಯಾ' ಎಂದು ಸೇರಿಸಿಬಿಡಬೇಕು. ಹೀಬ್ರೂವಿನಲ್ಲಿ ಹಾಗೆಂದರೆ ಬದುಕಿರುವವಳು. ಸಾವು ಹಳೇ ಹೆಸರು ಹಿಡಿದು ಹುಡುಕಿಕೊಂಡು ಬಂದರೆ, ಅಂಥವಳು ಈ ಮನೆಯಲ್ಲಿಲ್ಲ ಅಂದುಕೊಂಡು ಬಂದ ದಾರಿ ಹಿಡಿಯುತ್ತದೆ. ಮೊದಲ ಹೆಣ್ಣು ಹವ್ವಳ ಹೆಸರೂ ಇದೇ ಬೇರಿನದಂತೆ. ಮಣ್ಣಿಗೇ ಮರಳಬೇಕು ಎಂದು ದೇವರು ಹೇಳಿದ ಮೇಲೆಯೇ ಗಂಡ ಅವಳನ್ನು ಹಾಗೆ ಕರೆದನಂತೆ.

ತಾಯಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದದ್ದೇ ಭಯ. ತನ್ನ ಗಂಡನಿಗೂ ಹೀಗೆಯೇ, ಇದರದೇ ಗಂಡು ರೂಪ 'ಹಾಯಿಮ್' ಸೇರಿಸಿದ್ದರು. ನಾಲ್ಕನೇ ದಿನಕ್ಕೆ ಹೋಗಿಬಿಟ್ಟ. ಆಗ ಏಳು ವರ್ಷದವಳಾಗಿದ್ದ ಮಗಳು ಮಂಚದ ಕಾಲು ಹಿಡಿದು ನಿಂತು ಎಲ್ಲಾ ನೋಡಿದ್ದಳು. ಈಗ ತನ್ನನ್ನೇ ಹಾಗೆ ಕರೆದರೆ, ಡಾಕ್ಟರು ಮುಚ್ಚಿಟ್ಟದ್ದು ಒಂದೇ ಏಟಿಗೆ ತಿಳಿದುಹೋಗುತ್ತದೆ. ಆಮೇಲೆ ಧೈರ್ಯ ಎಲ್ಲಿಂದ ತರುತ್ತಾಳೆ?

"ಅಣ್ಣನಿಗೆ ತಡ ಮಾಡಿದ್ವಿ ಅತ್ತಿಗೆ. ಇವಳಿಗೂ ಹಾಗಾಗೋದು ಬೇಡ," ಎಂದಳು ನಾದಿನಿ.

"ಮೆಲ್ಲಗೆ ಮಾತಾಡೇ."

ಒಳಗಿಂದ ಮಗಳ ಸೋತ ದನಿ ಬಂತು. "ಅಮ್ಮಾ, ಅತ್ತೆ ಯಾಕೆ ಬಂದಿದ್ದಾರೆ?"

"ಕೋಟು ಬಿಗಿಯಾಗ್ತಿದೆಯಂತೆ ಕಣೆ. ಸಡಿಲ ಮಾಡಿಸೋಕೆ."

"ಮತ್ತೆ ದಪ್ಪ ಆದ್ರಾ? ಕೋಟು ಬಿಟ್ಟು ಬಾಯಿಗೇ ಹೊಲಿಗೆ ಹಾಕಮ್ಮ."

ನಾದಿನಿಗೆ ಬಂದ ನಗು ಅಳುವಾಯಿತು. ತೋಳಿನಲ್ಲೇ ಮೂಗೊರೆಸಿಕೊಂಡು, ಪಿಸುಮಾತಿನಲ್ಲಿ ಮತ್ತೆ ಮತ್ತೆ ಬೇಡಿದಳು. ಅತ್ತಿಗೆ ಬೇಡವೆಂದು ತಲೆ ಅಲ್ಲಾಡಿಸುತ್ತಲೇ ಇದ್ದಳು. ನಾಳೆ ಏನಾದರೂ ಆದರೆ ನನ್ನನ್ನು ದೂರಬೇಡಿ ಎಂದು ನಾದಿನಿ ಕೊಡೆ ಎತ್ತಿಕೊಂಡು ಹೊರಟುಹೋದಳು. ಆ ಮಾತು ಮಾತ್ರ ಹೋಗಲಿಲ್ಲ, ಹೊಲಿಗೆಯಂತ್ರದ ಪಕ್ಕ ಅವಳ ಜೊತೆಗೇ ಕೂತಿತು.

ನೀರು ತಂದು ಮಂಚದ ಪಕ್ಕ ಕೂತಳು. ಹಣೆ ಕೆಂಡದ ಹಾಗೆ ಸುಡುತ್ತಿತ್ತು. ಮಗಳ ತಲೆ ಎತ್ತಿ ಹಿಡಿದು, ಎಂದಿನಂತೆ "ಕುಡಿ ಪುಟ್ಟಿ" ಎಂದಳು. ಮರುಕ್ಷಣವೇ, ತುಟಿ ಅಲುಗದ ಹಾಗೆ, ಒಳಗೊಳಗೇ ಇನ್ನೊಂದು ಹೆಸರಿನಿಂದ ಕರೆದಳು. ಇನ್ನು ಪ್ರತಿ ಗುಟುಕಿಗೂ ಹೀಗೆಯೇ ಕರೆಯುವುದು ಎಂದುಕೊಂಡಳು. ನಾದಿನಿಗೆ ಹೇಳುವುದು ಬೇಡ. ಮಗಳಿಗಂತೂ ಬೇಡವೇ ಬೇಡ.