ತಗೀಬ್ಯಾಡ್ರಿ

ಶ್ರೀಕಾರ್ಯಂನ ಕಮಲಾಕ್ಷಿಯಮ್ಮನ ಮನೆಗೆ ಇಂಟರ್ನೆಟ್ ಬರುತ್ತಿದ್ದುದು ಸುತ್ತುದಾರಿಯಲ್ಲಿ. ತಂತಿ ಮೊದಲು ಹಜಾರದ ಮೇಜಿನ ಮೇಲಿದ್ದ ಹಳೆಯ ಲ್ಯಾಪ್‌ಟಾಪಿಗೆ, ಅಲ್ಲಿಂದ ಇನ್ನೊಂದು ತಂತಿ ರೂಟರಿಗೆ. ರೂಟರಿನಿಂದ ಅವರ ಫೋನಿಗೂ ಮಹಡಿಯ ಬಾಡಿಗೆ ಕೋಣೆಗೂ. ನೇರವಾಗಿ ಕೊಟ್ಟರೆ ರೂಟರಿಗೆ ಯಾಕೋ ಹಿಡಿಯುತ್ತಿರಲಿಲ್ಲ. ಕನೆಕ್ಷನ್ ಅವರದು, ಲ್ಯಾಪ್‌ಟಾಪು, ಜೋಡಣೆ ಎರಡೂ ಮಹಡಿಯ ವೀರಭದ್ರನದು. ವಿಜಯಪುರದವನು, ಎಂ.ಟೆಕ್ ಕೊನೆಯ ವರ್ಷ.

ಆ ಬೆಳಿಗ್ಗೆ ಅವನು ಇಳಿದು ಬಂದಾಗ ಮೇಲೆ ಇಸ್ತ್ರಿಯ ಶರ್ಟು, ಕೆಳಗೆ ಲುಂಗಿ. ಕೊಚ್ಚಿಯ ಕಂಪನಿಯವರ ಕೊನೆಯ ಸುತ್ತಿನ ಸಂದರ್ಶನ, ಮಹಡಿಯ ಕೋಣೆಯಿಂದಲೇ ವೀಡಿಯೊದಲ್ಲಿ.

"ಅಮ್ಮಾರ, ಹನ್ನೊಂದರಿಂದ ಒಂದ್ ತಾಸು ಆ ಲ್ಯಾಪ್‌ಟಾಪ್ ಮಾತ್ರ ತಗೀಬ್ಯಾಡ್ರಿ. ನನ್ನ ನೌಕರಿ ಅದರ ಮ್ಯಾಲೆ ನಿಂತೈತಿ."

"ನಾನು ಯಾಕೆ ತೆಗೆಯುವುದು ಮಗಾ? ನೀನು ಧೈರ್ಯದಲ್ಲಿ ಮಾತಾಡು."

ಹನ್ನೊಂದೂಕಾಲಿಗೆ ಧೂಳು ಒರೆಸಲು ಹೋದರೆ ಲ್ಯಾಪ್‌ಟಾಪ್ ಬಾಯಿ ತೆರೆದುಕೊಂಡೇ ಇತ್ತು. ತೆಗೆಯಬೇಡಿ ಎಂದವನು ಗಡಿಬಿಡಿಯಲ್ಲಿ ತಾನೇ ತೆರೆದಿಟ್ಟು ಹೋಗಿದ್ದಾನೆ, ಪಾಪ. ಇನ್ನೊಬ್ಬರ ಕಾಗದ ಓದಿ ಅಭ್ಯಾಸವಿಲ್ಲದ ಕಮಲಾಕ್ಷಿಯಮ್ಮ ಬೇರೆ ಕಡೆ ಮುಖ ತಿರುಗಿಸಿಕೊಂಡೇ ಅದನ್ನು ಮೆಲ್ಲಗೆ ಮುಚ್ಚಿದರು. ಮೇಲೊಂದು ಕಸೂತಿ ಬಟ್ಟೆಯನ್ನೂ ಹೊದಿಸಿದರು.

ಮೆಟ್ಟಿಲು ದಡದಡ ಎಂದಿತು.

"ಅಮ್ಮಾರ! ತಗೀಬ್ಯಾಡ್ರಿ ಅಂದಿದ್ನಲ್ರೀ!"

"ತೆಗೀಲಿಲ್ಲ ಮಾರಾಯ! ತೆರೆದೇ ಇತ್ತು. ನಾನೇ ಮುಚ್ಚಿಟ್ಟೆ."

ವೀರಭದ್ರ ತಲೆಯ ಮೇಲೆ ಕೈ ಹೊತ್ತ. "ನಮ್ಮ ಕಡಿ ಲೈಟ್ ತಗಿ ಅಂದ್ರ ಆರಿಸು ಅಂತ ರೀ!"

"ಅಯ್ಯೋ ದೇವರೇ! ನಮ್ಮ ಕಾಸರಗೋಡಿನಲ್ಲಿ ತೆಗೆ ಅಂದರೆ ತೆರೆ ಅಂತ ಅಲ್ವನಾ?"

ಮುಚ್ಚಿದೊಡನೆ ನಿದ್ದೆಹೋಗಿದ್ದ ಲ್ಯಾಪ್‌ಟಾಪ್ ಎಚ್ಚೆತ್ತು ರೂಟರಿನ ದೀಪ ಹಸಿರಾಗಲು ಏಳು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅವನ ಫೋನಿಗೆ ಕೊಚ್ಚಿಯಿಂದ ಸಂದೇಶ ಬಂದಿತ್ತು. ಸಂದರ್ಶನ ಮಾಡುತ್ತಿದ್ದ ಸುಮಯ್ಯಾ ಮೇಡಂ ಬರೆದಿದ್ದರು: ಗಾಬರಿ ಬೇಡ, ನಾವು ಚಹಾ ಕುಡಿಯುತ್ತಿದ್ದೇವೆ, ನಿಧಾನವಾಗಿ ಬನ್ನಿ.

ಮುಖ ಕಾಣದ ಆ ಹೆಂಗಸಿಗೆ ಕಮಲಾಕ್ಷಿಯಮ್ಮ ಮನಸ್ಸಿನಲ್ಲೇ ಕೈ ಮುಗಿದರು. ಸಂದರ್ಶನದ ಉಳಿದ ಹೊತ್ತೆಲ್ಲ ಕುರ್ಚಿ ಎಳೆದುಕೊಂಡು ಲ್ಯಾಪ್‌ಟಾಪಿನ ಪಕ್ಕದಲ್ಲೇ ಕುಳಿತರು. ಧೂಳು ಹಾಗೇ ಇತ್ತು.

ನಾಲ್ಕನೇ ದಿನ ಮಧ್ಯಾಹ್ನ ಕದ ಬಡಿದ ಸದ್ದು.

"ಅಮ್ಮಾರ, ಬಾಗ್ಲಾ ತಗೀರಿ!"

"ನಿಮ್ಮ ಊರಿನ ತೆಗೆಯುವುದೋ, ನಮ್ಮ ಊರಿನದೋ?"

"ಬಾಗ್ಲಕ್ಕ ಎರಡೂ ಊರಾಗ ಒಂದ ಅರ್ಥ ರೀ! ಲಗೂನ ತಗೀರಿ, ನೌಕರಿ ಸಿಕ್ಕೇತಿ!"